ದೋಣಿ ಕೋಣೆಯ ಸ್ವೆಟರ್

ಮಾರ್ಚ್ 4, ಮಂಗಳವಾರ. ಬೆಳಗ್ಗೆ 11.20

ಇಲ್ಲಿಯವರೆಗೆ ಬಂದವರು ಮೂವತ್ತೆಂಟು. ಟಾಯ್ಲೆಟ್ ಎಲ್ಲಿ ಎಂದು ಕೇಳಿದವರು ಹದಿನಾಲ್ಕು. ತಿಮಿಂಗಿಲ ಎಲ್ಲಿ ಎಂದವರು ಇಪ್ಪತ್ತು. ದೋಣಿಯ ಬಗ್ಗೆ ಕೇಳಿದವರು ಒಬ್ಬರು. ಅದೂ ಏನು? "ಇದರಲ್ಲಿ ಮಗೂನ ಕೂರಿಸಿ ಒಂದು ಫೋಟೋ ತೆಗೀಬಹುದಾ?"

ಮ್ಯೂಸಿಯಂನ ನಾಲ್ಕನೇ ಕೋಣೆ ನನ್ನದು. ನನ್ನದು ಎಂದರೆ ಕಾವಲು ನನ್ನದು. ಹತ್ತೊಂಬತ್ತು ವರ್ಷವಾಯಿತು. ಕೋಣೆಯಲ್ಲಿರುವುದು ಒಂದೇ ವಸ್ತು — ಇನ್ನೂರು ವರ್ಷ ಹಳೆಯ, ಇಪ್ಪತ್ತೆರಡು ಅಡಿ ಉದ್ದದ, ಹೊಳೆ ದಾಟಿಸುವ ದೋಣಿ. ಐದನೇ ಕೋಣೆಯಲ್ಲಿ ತಿಮಿಂಗಿಲದ ಅಸ್ಥಿಪಂಜರ. ಜನವೆಲ್ಲ ಅಲ್ಲಿಗೇ ಓಡುತ್ತಾರೆ. ನನ್ನ ಕೋಣೆ ಅವರಿಗೆ ಬರೀ ದಾರಿ. ಅಲ್ಲಿನ ಕಾವಲುಗಾರ ಎಲುಬಣ್ಣ ಕೂತಲ್ಲೇ ಗೊರಕೆ ಹೊಡೆಯುತ್ತಾನೆ, ಆದರೂ ಅವನ ಕೋಣೆಯೇ ತುಂಬಿ ತುಳುಕುತ್ತದೆ. ಹಣೆಬರಹ.

ಡ್ಯೂಟಿಯಲ್ಲಿ ಪೇಪರ್ ಓದಬಾರದು ಎಂದು ನಿಯಮವಿದೆ. ಬರೆಯಬಾರದು ಎಂದು ಎಲ್ಲೂ ಇಲ್ಲ. ಹುಡುಕಿ ನೋಡಿದ್ದೇನೆ.

ಚಳಿ. ಮರ ಬಿರುಕು ಬಿಡಬಾರದೆಂದು ಏಸಿಯನ್ನು ಹಲ್ಲು ಕಟಕಟಿಸುವಷ್ಟು ಇಟ್ಟಿದ್ದಾರೆ. ಮರಕ್ಕೆ ಹಿತ, ಮನುಷ್ಯನಿಗೆ ಶೀತ. ಅದಕ್ಕೇ ಈ ಸ್ವೆಟರ್. ಇವಳು, ನನ್ನ ಹೆಂಡತಿ, ಹೆಣೆದದ್ದು. ಕೆಂಪು, ಹಳದಿ, ಹಸಿರು, ಕಪ್ಪು, ಅಂಕುಡೊಂಕು ಗೆರೆ, ಮಧ್ಯೆ ಮಧ್ಯೆ ಡೈಮಂಡು. "ಕಣ್ಣು ಕುಕ್ಕುತ್ತೆ ಕಣೇ" ಎಂದು ಏಳು ವರ್ಷದಿಂದ ಹೇಳುತ್ತಿದ್ದೇನೆ. "ಹಾಗಾದ್ರೆ ನಡುಗ್ತಾ ಕೂತ್ಕೊಳ್ಳಿ" ಎನ್ನುತ್ತಾಳೆ. ಹಾಕಿಕೊಂಡಿದ್ದೇನೆ.

ಮಾರ್ಚ್ 6, ಗುರುವಾರ. 3.00

ಒಬ್ಬ ಹುಡುಗಿ ಬಂದಿದ್ದಾಳೆ. ಕೈಯಲ್ಲಿ ಟ್ಯಾಬ್ಲೆಟ್, ಬೆನ್ನಿಗೆ ಬ್ಯಾಗ್, ಕಿವಿಯಲ್ಲಿ ಏನೋ. ಮ್ಯೂಸಿಯಂಗೆ ಆ್ಯಪ್ ಮಾಡುತ್ತಾಳಂತೆ. ಜನ ಫೋನ್ ಎತ್ತಿ ದೋಣಿಯತ್ತ ಹಿಡಿದರೆ, ಫೋನಿನೊಳಗೆ ದೋಣಿಯ ಮೇಲೆ ಅದನ್ನು ನಡೆಸುತ್ತಿದ್ದ ಹಳೇ ಕಾಲದ ಹೆಂಗಸೊಬ್ಬಳು ಎದ್ದು ನಿಂತು ಮಾತಾಡುತ್ತಾಳಂತೆ. ನಾನು ಅವಳಿಗೆ ಆ್ಯಪಮ್ಮ ಎಂದು ಹೆಸರಿಟ್ಟೆ. ಮನಸ್ಸಿನಲ್ಲೇ.

ಬೆಳಗ್ಗೆಯಿಂದ ದೋಣಿಗೆ ಪ್ರದಕ್ಷಿಣೆ ಹಾಕುತ್ತಾ ಸ್ಕ್ಯಾನ್ ಮಾಡುತ್ತಿದ್ದಾಳೆ. ಅಡ್ಡವಾಗುತ್ತೇನೇನೋ ಎಂದು ಎದ್ದೆ.

"ಕೂತ್ಕೊಳ್ಳಿ ಅಂಕಲ್, ಪರವಾಗಿಲ್ಲ. ನಿಮ್ಮನ್ನ ಅದು ಲೆಕ್ಕಕ್ಕೇ ತಗೊಳಲ್ಲ."

ಕೂತೆ. ಹತ್ತೊಂಬತ್ತು ವರ್ಷದ ಸರ್ವಿಸನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

ಮಾರ್ಚ್ 8, ಶನಿವಾರ. 5.10

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಬರಲಿ.

ನಿರ್ದೇಶಕರು — ನಾವೆಲ್ಲ ಸಾಹೇಬರು ಎನ್ನುತ್ತೇವೆ — ಮೀಟಿಂಗ್ ಕರೆದಿದ್ದರು. ಆ್ಯಪ್ ಬಂದಮೇಲೆ ಮಾಹಿತಿಗೆ ಆ್ಯಪ್, ಕಾವಲಿಗೆ ಕ್ಯಾಮೆರಾ. ನಾಲ್ಕು ಮತ್ತು ಐದನೇ ಕೋಣೆಯವರು ಏಪ್ರಿಲ್ ಒಂದರಿಂದ ಊರಾಚೆಯ ಗೋದಾಮಿಗೆ. ಮುರಿದ ಶೋಕೇಸು, ಹಳೇ ಬೋರ್ಡು, ಲೇಬಲ್ ಕಳೆದುಹೋದ ಮಡಕೆಗಳು ಇರುವ ಜಾಗ. ಈಗ ನಾವೂ.

"ಕೆಲಸ ಹೋಗ್ತಿಲ್ಲ ಮಾರಾಯ್ರೇ, ಜಾಗ ಮಾತ್ರ ಬದಲಾಗ್ತಿದೆ. ಅಲ್ಲಿ ನೆಮ್ಮದಿ" ಎಂದರು ಸಾಹೇಬರು.

ಎಲುಬಣ್ಣ ಹೊರಗೆ ಬಂದವನೇ ಕೇಳಿದ, "ಅಲ್ಲಿ ಕುರ್ಚಿಗೆ ಕೈ ಇದೆಯೇನಯ್ಯಾ?" ಅವನ ಚಿಂತೆ ಅಷ್ಟೆ.

ನನಗೆ ನಿವೃತ್ತಿಗೆ ಎರಡು ವರ್ಷ ನಾಲ್ಕು ತಿಂಗಳು. ಅಷ್ಟನ್ನೂ ದೋಣಿಯ ಪಕ್ಕದಲ್ಲೇ ಕಳೆಯಬೇಕು ಎಂದುಕೊಂಡಿದ್ದೆ. ಬೇರೇನೂ ಕೇಳಿರಲಿಲ್ಲ. ದಿನಾ ಬೆಳಗ್ಗೆ ಬ್ರಶ್ಶಿನಿಂದ ಅದರ ಧೂಳು ತೆಗೆಯುವವನು ನಾನು. ಅದರ ಒಂದೊಂದು ಹಲಗೆಯೂ ಗೊತ್ತು.

ಮಾರ್ಚ್ 18, ಮಂಗಳವಾರ. 12.30

ಹತ್ತು ದಿನ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಬರೆಯದೆ ಇರಲು ಆಗುತ್ತಿಲ್ಲ.

ಆ್ಯಪಿನ ಮೊದಲ ಪರೀಕ್ಷೆ. "ಬನ್ನಿ ಅಂಕಲ್, ನೋಡಿ" ಎಂದಳು. ಬೇಡ ಎಂದೆ. ಬೇಡ ಎಂದರೂ ಕುತ್ತಿಗೆ ಅತ್ತ ತಿರುಗಿತು. ಟ್ಯಾಬ್ಲೆಟಿನೊಳಗೆ ನನ್ನ ದೋಣಿ. ದೋಣಿಯಲ್ಲಿ ಅವಳು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಉದ್ದನೆಯ ಗಳ ಹಿಡಿದು, "ಯಾರ್ರೀ ಆಚೆ ದಡಕ್ಕೆ? ಬೇಗ ಹತ್ತಿ, ನೀರು ಏರ್ತಾ ಇದೆ" ಎಂದಳು. ಕಣ್ಣಲ್ಲಿ ನೀರು ಬಂತು. ಹಾಳಾದ್ದು, ಆ್ಯಪಮ್ಮ ನೋಡಿಬಿಟ್ಟಳು.

ಆಮೇಲೆ ಜನರ ಫೋನಿಗೂ ಹಾಕಿಕೊಟ್ಟಳು. ಒಂದು ಕುಟುಂಬ ಹನ್ನೊಂದು ನಿಮಿಷ ನಿಂತಿತು. ನನ್ನ ಕೋಣೆಯಲ್ಲಿ! ಹನ್ನೊಂದು ನಿಮಿಷ! ಗಡಿಯಾರ ನೋಡಿದ್ದೇನೆ.

ಖುಷಿ ಪಡಲೋ ಶಾಪ ಹಾಕಲೋ ತಿಳಿಯುತ್ತಿಲ್ಲ. ನನ್ನನ್ನು ಓಡಿಸುವವಳು ಎಷ್ಟು ಚೆನ್ನಾಗಿದ್ದಾಳೆ.

ಮಾರ್ಚ್ 19, ಬುಧವಾರ. 4.30

ಇವತ್ತಿನ ಕಥೆ ಯಾರಿಗೆ ಹೇಳಿದರೂ ನಂಬುವುದಿಲ್ಲ.

ಹನ್ನೊಂದಕ್ಕೆ ಟೀ ಕುಡಿಯಲು ಕ್ಯಾಂಟೀನಿಗೆ ಹೋದೆ. ಕೋಣೆಯಲ್ಲಿ ದೋಣಿಯವಳು ಮಾಯ. ಜನ ಫೋನ್ ಅತ್ತ ಇತ್ತ ತಿರುಗಿಸುತ್ತಾ ಹುಡುಕಿದರಂತೆ. ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ಫೋನ್ ಹಿಡಿದಿದ್ದ ಹೆಂಗಸೊಬ್ಬಳು ಕಿರುಚಿದಳು. ದೋಣಿಯವಳು ಕ್ಯಾಂಟೀನ್ ಕೌಂಟರಿನ ಮೇಲೆ ನಿಂತು, ಬಿಸ್ಕತ್ತಿನ ಡಬ್ಬಿಗಳ ನಡುವೆ ಗಳ ಊರಿ, "ಬೇಗ ಹತ್ತಿ" ಎನ್ನುತ್ತಿದ್ದಳು. ಕ್ಯಾಂಟೀನಿನವನು ಆ ಫೋನಿನೊಳಗೆ ಇಣುಕಿ, "ಯಾರ್ರೀ ಇವಳು, ಚಪ್ಪಲಿ ಹಾಕ್ಕೊಂಡು ಕೌಂಟರ್ ಹತ್ತೋದು!" ಎಂದು ಬರೀ ಗಾಳಿಗೆ ಬಟ್ಟೆ ಬೀಸಿದ.

ಟಾಯ್ಲೆಟ್ಟಿಗೆ ಹೋದೆ. ಅಲ್ಲೂ ಬಂದಳು. ಅಲ್ಲಿದ್ದ ಒಬ್ಬರಿಗೆ ಆದದ್ದನ್ನು ಬರೆಯುವುದಿಲ್ಲ. ದೂರು ಕೊಟ್ಟಿದ್ದಾರೆ.

"ಬಗ್ ಇದೆ, ಬಗ್ ಇದೆ" ಎಂದು ಆ್ಯಪಮ್ಮ ತಲೆ ಕೆರೆದುಕೊಂಡು ಓಡಾಡಿದಳು. ಗುಟ್ಟು ಗೊತ್ತಾದದ್ದು ನನಗೆ. ಮಧ್ಯಾಹ್ನ ಮತ್ತೆ ಟೀಗೆ ಹೋದಾಗ ಒಲೆಯ ಹತ್ತಿರ ಸೆಕೆ ಎಂದು ಸ್ವೆಟರ್ ಬಿಚ್ಚಿದೆ. ಪಕ್ಕದ ಟೇಬಲಿನವನ ಫೋನಿನಲ್ಲಿ ದೋಣಿಯವಳು ಅರ್ಧ ಮಾತಿಗೇ ಮಾಯ. ಹಾಕಿಕೊಂಡೆ — ಪ್ರತ್ಯಕ್ಷ. ಬಿಚ್ಚಿದೆ — ಇಲ್ಲ. ಹಾಕಿದೆ — ಇದ್ದಾಳೆ. ಮೂರು ಸಲ ನೋಡಿದೆ. ಟೇಬಲಿನವನು, "ಅಂಕಲ್, ಮೈ ಹುಷಾರಿಲ್ವಾ?" ಎಂದ.

ಆ್ಯಪ್ ಗುರುತು ಹಿಡಿಯುತ್ತಿರುವುದು ದೋಣಿಯನ್ನಲ್ಲ. ನನ್ನ ಸ್ವೆಟರನ್ನು!

ಬಾಯಿಗೆ ಬೀಗ. ನಾನು ಗೋದಾಮಿಗೆ ಹೋದರೆ ದೋಣಿಯವಳೂ ಗೋದಾಮಿಗೆ. ಕಳಿಸಲಿ ನೋಡೋಣ.

ಮಾರ್ಚ್ 20, ಗುರುವಾರ. ಬೆಳಗ್ಗೆ 10.05

ನಿನ್ನೆ ಸಂಜೆ ಇವಳಿಗೆ ಮಾತ್ರ ಹೇಳಿದೆ. ಮೊದಲು ನಕ್ಕಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏಳು ವರ್ಷದಿಂದ ಕಣ್ಣು ಕುಕ್ಕುತ್ತೆ, ಕಣ್ಣು ಕುಕ್ಕುತ್ತೆ ಅಂತಿದ್ರಲ್ಲ? ನೋಡಿ ಈಗ! ಕಂಪ್ಯೂಟರಿಗೇ ಗೊತ್ತಾಯ್ತು ಅದರ ಬೆಲೆ. ನಿಮಗೆ ಗೊತ್ತಾಗ್ಲಿಲ್ಲ."

"ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ನೀವೂ ಸುಮ್ನಿರಿ. ಅವರಾಗೇ ಬಂದು ಕೈ ಮುಗೀಲಿ."

ಅರ್ಧ ಗಂಟೆಯಲ್ಲಿ ಅವಳ ತಂಗಿ ಫೋನ್ ಮಾಡಿದಳು. "ಭಾವ, ನಂಗೂ ಅಂಥದ್ದೇ ಒಂದು ಸ್ವೆಟರ್ ಹೆಣೆದುಕೊಡ್ತಾಳಂತೆ ಅಕ್ಕ!"

ಮಾರ್ಚ್ 25, ಮಂಗಳವಾರ. 3.40

ಶುಕ್ರವಾರ ಸಮಿತಿಯವರು ಆ್ಯಪ್ ನೋಡಲು ಬರುತ್ತಾರೆ. ಇವತ್ತು ರಿಹರ್ಸಲ್. ಸಾಹೇಬರು ನನ್ನ ಸ್ವೆಟರ್ ಕಡೆ ನೋಡಿ ಮುಖ ಸಿಂಡರಿಸಿ, "ನೀವು ಸ್ವಲ್ಪ ಹೊರಗಿರಿ" ಎಂದರು. ಇದ್ದೆ. ಖುಷಿಯಾಗಿ ಇದ್ದೆ.

ಒಳಗೆ ಏನೂ ಬರಲಿಲ್ಲ. ಬರೀ ದೋಣಿ. ಸಾಹೇಬರು ಕೂಗಾಡಿದ್ದು ಗೋಡೆಯಾಚೆಗೂ ಕೇಳಿತು. "ಶುಕ್ರವಾರವೂ ಹೀಗಾದ್ರೆ ಆ್ಯಪೂ ಇಲ್ಲ, ನೀವೂ ಇಲ್ಲ!"

ಅವರು ಹೋದ ಮೇಲೆ ಒಳಗೆ ಹೋದೆ. ಆ್ಯಪಮ್ಮ ದೋಣಿಯ ಹಿಂದೆ ನೆಲದ ಮೇಲೆ ಕೂತಿದ್ದಳು. ಮೂಗು ಕೆಂಪಗಾಗಿತ್ತು.

"ಎಂಟು ತಿಂಗಳು ಅಂಕಲ್. ಅವಳು ಗಳ ಹಿಡಿಯೋ ರೀತಿ ಸರಿ ಬರ್ಲಿ ಅಂತ ನಾನೇ ಹೊಳೆಗೆ ಹೋಗಿ ಕಲಿತು ಬಂದೆ. ಎರಡು ಸಲ ನೀರಿಗೆ ಬಿದ್ದೆ. ಎಲ್ಲಿ ತಪ್ಪಾಗಿದೆ ಅಂತಾನೇ ಗೊತ್ತಾಗ್ತಿಲ್ಲ."

ನಾನು ಕುರ್ಚಿಯಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ. ಮನೆಯಲ್ಲಿ ಇವಳು ಹೇಳಿದ್ದು ನೆನಪಿತ್ತು. ಗೋದಾಮು ನೆನಪಿತ್ತು. ಆದರೆ ಈ ದೋಣಿಗಾಗಿ ನೀರಿಗೆ ಬಿದ್ದವಳು ಈ ಕಟ್ಟಡದಲ್ಲಿ ಇನ್ಯಾರಿದ್ದಾರೆ?

"ಸ್ವೆಟರ್ ಕಣಮ್ಮಾ" ಎಂದೆ.

ತೋರಿಸಿದೆ. ಬಿಚ್ಚಿ, ಹಾಕಿ, ಬಿಚ್ಚಿ. ಅಳುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. ದೋಣಿಯ ಮರ ಕಪ್ಪು, ಪಾಲಿಶ್ ಬೇರೆ, ಕ್ಯಾಮೆರಾಗೆ ಬರೀ ಹೊಳಪು ಕಾಣುತ್ತದಂತೆ. ಅವಳು ಸ್ಕ್ಯಾನ್ ಮಾಡಿದ ಮೂರು ದಿನವೂ ಅದೇ ಜಾಗದಲ್ಲಿ ಡೈಮಂಡು ಡೈಮಂಡಾಗಿ ನಾನು ಕೂತಿದ್ದೆನಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದೆ. ಹೊಸದಾಗಿ ಮಾಡಲು ಎರಡು ತಿಂಗಳು ಬೇಕಂತೆ.

ಕಣ್ಣೊರೆಸಿಕೊಂಡು ಎದ್ದಳು. "ಅಯ್ಯೋ, ಹಾಗಾದ್ರೆ ಸುಲಭ ಅಂಕಲ್! ಸ್ವೆಟರ್ ಒಂದಿದ್ರೆ ಸಾಕು!"

ಹೌದಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಸ್ವೆಟರಿನೊಳಗೆ ನಾನಿರಬೇಕು ಎಂದು ಯಾರು ಹೇಳಿದರು?

ಮಾರ್ಚ್ 26, ಬುಧವಾರ. 9.50

ಇವಳ ರಂಪ ಬೆಳಗಿನವರೆಗೂ ಮುಗಿದಿರಲಿಲ್ಲ.

"ಗೂಟಕ್ಕೆ ಹಾಕೋಕೆ ಹೆಣೆದೆನಾ ನಾನು? ಮನುಷ್ಯನಿಗೆ ಅಂತ ಹೆಣೆದೆ! ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಮಗೆ? ಮನೇಲಿ ಕೇಳಿದ್ದಕ್ಕೆ ಉತ್ತರ ಇಲ್ಲ, ಅಲ್ಲಿ ಕೇಳದೆ ಇದ್ದದ್ದನ್ನೆಲ್ಲ ಹೇಳ್ತೀರಿ!"

"ಅಳ್ತಿದ್ಲು ಕಣೇ."

ಇವಳು ಸ್ವೆಟರಿನ ತೋಳಿನಲ್ಲಿ ಬಿಚ್ಚಿದ್ದ ಒಂದು ಎಳೆಯನ್ನು ಹೊಲಿದು, ಮಡಿಸಿ, ಕವರಿನಲ್ಲಿಟ್ಟು ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ಮಾರ್ಚ್ 28, ಶುಕ್ರವಾರ. 5.00

ಉಡುಪಿನ ವಿಭಾಗದಿಂದ ಗೊಂಬೆಯೊಂದನ್ನು ತಂದು ನನ್ನ ಕುರ್ಚಿಯಲ್ಲಿ ಕೂರಿಸಿ ಸ್ವೆಟರ್ ತೊಡಿಸಿದರು. ಗೊಂಬೆ ಸಪೂರ. ದೋಣಿಯವಳು ಓರೆಯಾಗಿ, ಈಗಲೋ ಆಗಲೋ ನೀರಿಗೆ ಬೀಳುವವಳ ಹಾಗೆ ಬಂದಳು.

"ಹೊಟ್ಟೆ ಸಾಲ್ತಿಲ್ಲ ಅಂಕಲ್."

ದಿಂಬು ತುರುಕಿದರು. ಅಳತೆಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಒಂದು ದಿಂಬು ಸಾಲಲಿಲ್ಲ. ಇದನ್ನು ಇವಳಿಗೆ ಹೇಳುವುದಿಲ್ಲ.

ಸಮಿತಿಯವರು ಚಪ್ಪಾಳೆ ತಟ್ಟಿದರು. ಒಬ್ಬರು ಗೊಂಬೆಯನ್ನು ತೋರಿಸಿ, "ಅದ್ಭುತವಾದ ಜಾನಪದ ಕಲೆ" ಎಂದರು. ಸಾಹೇಬರು ನಗುತ್ತಾ ತಲೆಯಾಡಿಸಿದರು. ಈಗ ಸ್ವೆಟರಿನ ಮುಂದೆ ಹಗ್ಗ, ಹಗ್ಗಕ್ಕೆ ಬೋರ್ಡು: ಮುಟ್ಟಬೇಡಿ.

ನನಗೆ ವರ್ಗಾವಣೆ ಪತ್ರ ಕೊಟ್ಟರು.

ಏಪ್ರಿಲ್ 9, ಬುಧವಾರ. ಎಷ್ಟು ಗಂಟೆಯಾದರೇನು

ಗೋದಾಮು. ಇವತ್ತು ಬಂದವರು: ಯಾರೂ ಇಲ್ಲ. ನಿನ್ನೆ: ಯಾರೂ ಇಲ್ಲ. ಮೊನ್ನೆ ಬೆಕ್ಕು.

ಎಲುಬಣ್ಣನ ಕುರ್ಚಿಗೆ ಕೈ ಇದೆ. ಅವನು ಸ್ವರ್ಗದಲ್ಲಿದ್ದಾನೆ.

ನನಗೆ ಅಳು ಬರುತ್ತಿದೆ ಎಂದು ಬರೆದರೆ ಯಾರು ಓದುತ್ತಾರೆ, ಬರೆಯುತ್ತೇನೆ. ಅಳು ಬರುತ್ತಿದೆ. ದೋಣಿಯ ಧೂಳು ಯಾರು ತೆಗೆಯುತ್ತಿದ್ದಾರೋ.

ಏಪ್ರಿಲ್ 13, ಭಾನುವಾರ. ಸಂಜೆ 6.15

"ಮನೇಲಿ ಹೀಗೆ ಮುಖ ಊದಿಸ್ಕೊಂಡು ಕೂರೋ ಬದಲು ಟಿಕೆಟ್ ತಗೊಂಡು ನೋಡಿ ಬರೋಣ ನಡೀರಿ" ಎಂದಳು ಇವಳು. ಹೋದೆವು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮುಂಬಾಗಿಲಿನಿಂದ.

ನಾಲ್ಕನೇ ಕೋಣೆಗೆ ಕ್ಯೂ! ನನ್ನ ಕೋಣೆಗೆ! ಒಳಗೆ ನಲವತ್ತು ಜನ. ನಲವತ್ತು ಫೋನು. ಖುಷಿಯಿಂದ ಎದೆ ಉಬ್ಬಿತು. ಎರಡು ನಿಮಿಷ ಅಷ್ಟೆ. ಆಮೇಲೆ ಗಮನಿಸಿದೆ. ಎಲ್ಲರೂ ಫೋನಿನೊಳಗೆ ನೋಡುತ್ತಿದ್ದಾರೆ. ಒಬ್ಬರೂ, ಒಬ್ಬರೇ ಒಬ್ಬರೂ ದೋಣಿಯನ್ನು ನೋಡುತ್ತಿಲ್ಲ. ಒಬ್ಬ ತಾಯಿ ಮಗನಿಗೆ ಹೇಳಿದಳು, "ಇದೆಲ್ಲ ಸುಳ್ಳು ಪುಟ್ಟಾ, ಕಾರ್ಟೂನ್ ಇದ್ದ ಹಾಗೆ."

ನನ್ನಿಂದ ತಡೆಯಲಾಗಲಿಲ್ಲ.

"ಯಾರಮ್ಮಾ ಸುಳ್ಳು ಅಂದೋರು? ಫೋನ್ ಒಂದು ನಿಮಿಷ ಕೆಳಗಿಳಿಸಿ. ಇಲ್ಲಿ ನೋಡಿ, ಈ ಎಡಗಡೆ ಅಂಚು. ಹಳ್ಳ ಬಿದ್ದಿದೆಯಲ್ಲ, ಅಂಗೈ ಅಗಲ? ಯಾರೂ ಕೆತ್ತಿದ್ದಲ್ಲ. ದೋಣಿಯವಳು ಬಲಗೈಲಿ ಗಳ ಹಿಡಿದು, ಎಡಗೈ ಇಲ್ಲಿಟ್ಟು ಒರಗ್ತಿದ್ಲು. ಒಂದು ದಿನ ಅಲ್ಲ, ಒಂದು ವರ್ಷ ಅಲ್ಲ. ಮರ ಸವೀಬೇಕು ಅಂದ್ರೆ ಎಷ್ಟು ಜನರನ್ನ ದಾಟಿಸಿರ್ಬೇಕು, ಲೆಕ್ಕ ಹಾಕಿ!"

ಫೋನುಗಳು ಒಂದೊಂದಾಗಿ ಇಳಿದವು. ಆ ಹುಡುಗ ಗಾಳಿಯಲ್ಲೇ ಎಡಗೈ ಚಾಚಿ ಒರಗಿ ನೋಡಿದ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಳಗೆ ಕಟ್ಟಿಕೊಂಡಿದ್ದೆಲ್ಲ ಒಂದೇ ಸಲ ಹೊರಗೆ ಬಂತು.

ಬಸ್ಸಿನಲ್ಲಿ ಇವಳು ಹೇಳಿದಳು, "ನಿಮಗೆ ಇಷ್ಟೊಂದು ಮಾತು ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ರೀ."

ಏಪ್ರಿಲ್ 16, ಬುಧವಾರ. 2.00

ಸಾಹೇಬರು ಗೋದಾಮಿಗೆ ಜೀಪ್ ಕಳಿಸಿ ಕರೆಸಿದರು. ಭಾನುವಾರದ ರಂಪಕ್ಕೆ ಮೆಮೊ ಗ್ಯಾರಂಟಿ ಎಂದುಕೊಂಡು ಹೋದೆ.

ಅವರ ಮುಂದೆ ಆ್ಯಪಿಗೆ ಬಂದ ಅಭಿಪ್ರಾಯಗಳ ಪ್ರಿಂಟು. ಓದಿ ಎಂದರು. "ದೋಣಿ ಕೋಣೆಯ ಅಜ್ಜ ನಿಜವಾದವರ ಹಾಗೇ ಇದ್ದಾರೆ. ಗ್ರಾಫಿಕ್ಸ್ ಅದ್ಭುತ. ಐದು ಸ್ಟಾರ್." "ಅಜ್ಜ ಫೋನ್ ಇಲ್ಲದೆಯೂ ಕಾಣಿಸುತ್ತಾರೆ, ಇದು ಹೇಗೆ ಸಾಧ್ಯ?" "ಅಜ್ಜನ ಧ್ವನಿ ಕಡಿಮೆ ಮಾಡುವ ಬಟನ್ ಇಲ್ಲ. ಮೂರು ಸ್ಟಾರ್." "ಮತ್ತೆ ಹೋದೆವು, ಅಜ್ಜ ಲೋಡ್ ಆಗಲಿಲ್ಲ. ಮಗು ಅತ್ತಿತು."

ಆ್ಯಪಮ್ಮ ಮೂಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಜನಕ್ಕೆ ನೀವು ಬೇಕಂತೆ" ಎಂದರು ಸಾಹೇಬರು. ಪ್ರಿಂಟು ಕೆಳಗಿಟ್ಟೆ. "ಅದಕ್ಕೇ ನಿಮ್ಮನ್ನೂ ಸ್ಕ್ಯಾನ್ ಮಾಡಿ ಆ್ಯಪಿಗೆ ಹಾಕಿಬಿಡೋಣ. ಮೂರು ದಿನದ ಕೆಲಸ. ಆಮೇಲೆ ನೀವು ಆರಾಮಾಗಿ ವಾಪಸ್ ಗೋದಾಮಿಗೆ."

ಇವಳಿಗೆ ಫೋನ್ ಮಾಡಿ ಹೇಳಿದೆ. "ಮೊದಲು ಸ್ವೆಟರ್ ಕಿತ್ಕೊಂಡ್ರು, ಈಗ ಒಳಗಿನ ಮನುಷ್ಯನ್ನೂ ಕಿತ್ಕೊಳ್ತಾರಂತಾ?" ಎಂದಳು. ಆಮೇಲೆ, "ನಿಮ್ಮ ಮನಸ್ಸು ಹೇಗೆ ಹೇಳುತ್ತೋ ಹಾಗೆ ಮಾಡಿ" ಎಂದಳು. ಹಾಗೆ ಅವಳು ಹೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. ಹೆದರಿಕೆಯಾಯಿತು.

ಏಪ್ರಿಲ್ 22, ಮಂಗಳವಾರ. 4.00

ಸ್ಕ್ಯಾನಿಂಗ್, ಮೊದಲ ದಿನ. ಇಪ್ಪತ್ತು ನಿಮಿಷ ಅಲ್ಲಾಡದೆ ಕೂರಬೇಕು. ಆಮೇಲೆ ಒಂದೇ ಮಾತನ್ನು ಒಂದೇ ರೀತಿ ಆರು ಸಲ ಹೇಳಬೇಕು.

ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಒಂಬತ್ತನೇ ನಿಮಿಷಕ್ಕೆ ಒಬ್ಬ ಮುದುಕಿ ಬಂದು ದೋಣಿಗೆ ಮೊಳೆ ಹೊಡೆದಿಲ್ಲವಾ ಎಂದು ಕೇಳಿದಳು. ಹತ್ತೊಂಬತ್ತು ವರ್ಷ ಕಾದ ಪ್ರಶ್ನೆ! ಹಲಗೆಗಳನ್ನು ನಾರಿನಿಂದ ಹೊಲಿದಿದ್ದಾರೆ ಎಂದು ತೋರಿಸದೆ ಹೇಗಿರಲಿ?

"ಅಲ್ಲಾಡ್ಬೇಡಿ ಅಂಕಲ್! ಟ್ಯಾಬ್ಲೆಟಲ್ಲಿ ನಿಮಗೆ ನಾಲ್ಕು ಕೈ ಬಂದಿದೆ!"

ಏಪ್ರಿಲ್ 23, ಬುಧವಾರ

ಇವತ್ತು ಎರಡು ತಲೆ. ಮಾತೂ ಆರು ಸಲ ಆರು ಥರ ಬಂತು. ಕೇಳುವವರು ಬೇರೆ ಬೇರೆ, ಅದನ್ನೇ ಹೇಗೆ ಹೇಳುವುದು?

ಏಪ್ರಿಲ್ 24, ಗುರುವಾರ. 5.20

ಮೂರನೇ ದಿನ. ಇವತ್ತೇ ಕೊನೆ ಎಂಬುದು ಗೊತ್ತಿತ್ತು. ನಾಲ್ಕು ಗಂಟೆಗೆ ಆ್ಯಪಮ್ಮ ಟ್ಯಾಬ್ಲೆಟ್ ಮುಚ್ಚಿ ನನ್ನ ಎದುರು ನೆಲದ ಮೇಲೆ ಕೂತಳು.

"ನಿಜ ಹೇಳಿ ಅಂಕಲ್. ಬೇಕಂತಲೇ ಮಾಡ್ತಿದೀರಾ?"

"ಮೊದಲ ದಿನ ಇಲ್ಲ ತಾಯಿ. ದೇವರಾಣೆ."

"ಇವತ್ತು?"

"ಇವತ್ತು... ಸ್ವಲ್ಪ."

ಅವಳು ನಗಲಿಲ್ಲ. ದೋಣಿಯನ್ನೊಮ್ಮೆ ನೋಡಿದಳು. ಆಮೇಲೆ ಟಕಟಕ ಎಂದು ವರದಿ ಬರೆದು, ನನಗೆ ಓದಿ ಹೇಳಿ, ಸಾಹೇಬರ ಕೋಣೆಗೆ ನಡೆದಳು. ಬಾಯಿಪಾಠ ಮಾಡಿಕೊಂಡಿದ್ದೇನೆ:

"ನಾಲ್ಕನೇ ಕೋಣೆಯ ಅಜ್ಜನನ್ನು ಮೂರು ದಿನ ಸ್ಕ್ಯಾನ್ ಮಾಡಲು ಪ್ರಯತ್ನಿಸಲಾಯಿತು. ಸಾಧ್ಯವಾಗಿಲ್ಲ. ಮುಂದೆಯೂ ಸಾಧ್ಯವಾಗುವುದಿಲ್ಲ. ಪ್ರತಿಕೃತಿ ಮಾಡಲಾಗದ ವಸ್ತುವಿನ ಮೂಲವನ್ನೇ ಪ್ರದರ್ಶನದಲ್ಲಿ ಇಡಬೇಕೆಂಬುದು ನಮ್ಮ ಮ್ಯೂಸಿಯಂನ ನಿಯಮ. ಅದರಂತೆ ಮೂಲವನ್ನು ಕೋಣೆಯಲ್ಲಿ ಇರಿಸಿಕೊಳ್ಳುವುದು."

ಸಾಹೇಬರು ಎರಡು ಸಲ ಓದಿದರಂತೆ. ಕನ್ನಡಕದ ಮೇಲಿಂದ ಅವಳನ್ನು ನೋಡಿದರಂತೆ. ಅಭಿಪ್ರಾಯಗಳ ಪ್ರಿಂಟನ್ನು ಮತ್ತೊಮ್ಮೆ ತಿರುವಿ ಹಾಕಿದರಂತೆ. "ಎಷ್ಟು ದಿನಕ್ಕೆ?" ಎಂದು ಕೇಳಿದರಂತೆ.

"ಎರಡು ವರ್ಷ ಮೂರು ತಿಂಗಳು ಸಾರ್."

ಸಹಿ ಹಾಕಿದರು!

ಏಪ್ರಿಲ್ 29, ಮಂಗಳವಾರ. ಬೆಳಗ್ಗೆ 10.40

ನಾಲ್ಕನೇ ಕೋಣೆ. ಗೊಂಬೆಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡಿದ್ದೇನೆ. ಚಳಿ ಹಾಗೇ ಇದೆ. ಇವಳು ಹೊಸ ಸ್ವೆಟರ್ ಶುರು ಮಾಡಿದ್ದಾಳೆ, ಈ ಸಲ ಒಂದೇ ಬಣ್ಣ, ಆ್ಯಪಮ್ಮನೇ ಕೈ ಮುಗಿದು ಕೇಳಿಕೊಂಡಳು.

ಈಗ ತಾನೇ ಮೂವತ್ತೆರಡು ಶಾಲೆ ಮಕ್ಕಳು ಬಂದಿದ್ದಾರೆ. ಟೀಚರ್ ಫೋನಿನಲ್ಲಿ ದೋಣಿಯವಳನ್ನು ತೋರಿಸುತ್ತಿದ್ದಾರೆ. ಮಕ್ಕಳು ಹೋ ಎನ್ನುತ್ತಿದ್ದಾರೆ. ಎರಡು ಜಡೆಯ ಒಬ್ಬಳು ಮಾತ್ರ ಗುಂಪು ಬಿಟ್ಟು, ನೆಲದ ಮೇಲೆ ಬೋರಲು ಮಲಗಿ, ದೋಣಿಯ ಅಡಿ ನೋಡುತ್ತಿದ್ದಾಳೆ. ಯೂನಿಫಾರ್ಮ್ ಎಲ್ಲ ಧೂಳು.

"ಅಜ್ಜಾ, ಇಲ್ಲಿ ಕೆಳಗಡೆ ಏನೋ ಬರೆದಿದೆ!"

ಬರೆದಿದೆಯಾ? ಹತ್ತೊಂಬತ್ತು ವರ್ಷ ಮೇಲೆ ಧೂಳು ತೆಗೆದಿದ್ದೇನೆ, ಅಂಚು ನೋಡಿದ್ದೇನೆ. ಅಡಿಗೆ ಒಂದು ದಿನವೂ ಬಗ್ಗಿ ನೋಡಿಲ್ಲ. ಯಾರಾದರೂ ದೋಣಿಯವಳ ಹೆಸರೇನಾದರೂ...

ಕರೆಯುತ್ತಿದ್ದಾಳೆ. ಮಂಡಿ ಬಗ್ಗುವುದಿಲ್ಲ, ಆದರೂ ಮಲಗಿಯೇ ನೋಡಿ ಬಂದು ಬರೆ—